ಅಂಕಿಗಳ ಪಶ್ಚಿಮಯಾನ ಮತ್ತು ಅರಬ್ಬೀ ವಿದ್ವಾಂಸರು

ಶಿಕಾರಿಪುರ, ಸೊರಬ ತಾಲ್ಲೂಕುಗಳ 11 ಮತ್ತು 12ನೆಯ ಶತಮಾನಗಳ ಶಾಸನಗಳಲ್ಲಿ ಶಕವರ್ಷವನ್ನು ಅಂಕಿಗಳಿಂದ ಸೂಚಿಸಿರುವುದು ಸಾಮಾನ್ಯ. ಬಳ್ಳಿಗಾವೆಯಲ್ಲಿ ಶಾಸನ ಕಂಡರಿಸುವವನಿಗೂ ಸ್ಥಾನಬೆಲೆಯ ಕ್ರಮವು ಪರಿಚಿತವಾಗಿದ್ದ ಆ ಕಾಲದಲ್ಲಿಯೇ ಪಶ್ಚಿಮ ಯೂರೋಪಿನ ಪಂಡಿತರು ಅದನ್ನು ಅರಬ್ಬೀ ಗ್ರಂಥಗಳ ಲ್ಯಾಟಿನ್ ಅನುವಾದಗಳಿಂದ ಹೊಸದಾಗಿ ಕಲಿಯುತ್ತಿದ್ದರು. ಈ ಸಂಗತಿಯನ್ನು ನಮ್ಮ ತರಗತಿಗಳಲ್ಲಿ ಹೇಳುವ ರೀತಿ ಮಾತ್ರ ವಿಮರ್ಶಾರ್ಹವೆಂದು ನಮಗೆ ತೋರುತ್ತದೆ. ಅಂಕಿಗಳು ನಮ್ಮವು, ಅರಬರು ಅವನ್ನು ಹೊತ್ತೊಯ್ದು ಮುಟ್ಟಿಸಿದರು. ಪಾಠವು ಅಷ್ಟಕ್ಕೇ ಮುಗಿಯುತ್ತದೆ. ಗ್ರೀಕ್ ವಿದ್ಯೆಯ ವಿಷಯದಲ್ಲಿ ಕೆಲವು ಪಾಶ್ಚಾತ್ಯ ಲೇಖಕರು ಆಡಿರುವ ಮಾತೂ ಇಂತಹುದೇ. ಅಲ್ಲಿ ಅರಬರು ಭಂಡಾರದ ಕಾವಲುಗಾರರು, ಇಲ್ಲಿ ಅಂಚೆಯವರು.

ಆಧಾರಗಳು ಹೇಳುವುದು ಬೇರೆ. 9ನೆಯ ಶತಮಾನದ ಪೂರ್ವಾರ್ಧದಲ್ಲಿ ಬಾಗ್ದಾದಿನ ಅಲ್ ಖ್ವಾರಿಜ್ಮಿಯು ಈ ಗಣನಕ್ರಮವನ್ನು ವಿವರಿಸುವಾಗ ಅದು ಹಿಂದೂಗಳದೆಂದು ಮರೆಮಾಚದೆ ತಿಳಿಸಿದನು. 952ರ ಸುಮಾರಿಗೆ ದಮಾಸ್ಕಸ್ಸಿನಲ್ಲಿ ಅಲ್ ಉಕ್ಲಿದಿಸಿಯು ಬರೆದ ಗ್ರಂಥವಂತೂ ಇನ್ನೂ ಗಮನಾರ್ಹವಾದುದು. ಭಾರತದಿಂದ ಬಂದ ಕ್ರಮವು ಧೂಳುಹಲಗೆಯದು. ಲೆಕ್ಕವು ಮುಂದುವರಿದಂತೆ ಹಿಂದಿನ ಅಂಕಿಗಳನ್ನು ಅಳಿಸುತ್ತ ಹೋಗಬೇಕು. ಕೊನೆಗೆ ಉಳಿಯುವುದು ಉತ್ತರವೊಂದೇ. (ಧೂಳೀಕರ್ಮವೆಂಬ ಸಂಸ್ಕೃತದ ಹೆಸರನ್ನು ಇಲ್ಲಿ ನೆನೆಯಬಹುದು.) ಅಲ್ ಉಕ್ಲಿದಿಸಿಯು ಅದನ್ನು ಮಸಿಗೂ ಕಾಗದಕ್ಕೂ ಒಗ್ಗಿಸಿದನು. ಹಂತಗಳು ಕಣ್ಣೆದುರು ಉಳಿದವು. ತಪ್ಪು ಎಲ್ಲಿ ನುಸುಳಿತೆಂದು ಹಿಂದಿರುಗಿ ನೋಡುವುದು ಸಾಧ್ಯವಾಯಿತು. ದಶಮಾಂಶ ಭಿನ್ನರಾಶಿಗಳನ್ನೂ ಅವನು ಬಳಸಿದ್ದಾನೆ. ಇದನ್ನು ಬರಿಯ ಸಾಗಾಣಿಕೆ ಎನ್ನಲಾದೀತೆ?

ಯೂರೋಪು ಇದನ್ನು ಕೂಡಲೆ ಒಪ್ಪಿಕೊಳ್ಳಲೂ ಇಲ್ಲ. ಉತ್ತರ ಆಫ್ರಿಕದ ಬುಗಿಯಾದಲ್ಲಿ ಈ ಅಂಕಿಗಳನ್ನು ಕಲಿತ ಪೀಸಾದ ಲಿಯೊನಾರ್ಡೊ 1202ರಲ್ಲಿ ತನ್ನ ‘ಲಿಬರ್ ಅಬಾಚಿ’ಯನ್ನು ರಚಿಸಿದ್ದರೂ, 1299ರಲ್ಲಿ ಫ್ಲಾರೆನ್ಸಿನ ಹಣವಿನಿಮಯಗಾರರ ಸಂಘವು ಲೆಕ್ಕದ ಪುಸ್ತಕಗಳಲ್ಲಿ ಅವುಗಳ ಬಳಕೆಯನ್ನು ನಿಷೇಧಿಸಿತು.

ಸ್ಥಳಾಭಿಮಾನ ತಪ್ಪೆಂದು ನಾವು ಹೇಳುತ್ತಿಲ್ಲ. ಆದರೆ ಬಳ್ಳಿಗಾವೆಯ ಕೋಡಿಯಮಠವನ್ನು ವರ್ಣಿಸುವ 1162ರ ಶಾಸನವು ಅಭಿಮಾನಕ್ಕೆ ಬೇರೊಂದು ಕಾರಣವನ್ನು ಒದಗಿಸುತ್ತದೆ. ಕಾಳಾಮುಖ ಶೈವರ ಆ ಮಠದಲ್ಲಿ ವ್ಯಾಖ್ಯಾನಿಸುತ್ತಿದ್ದ ದರ್ಶನಗಳಲ್ಲಿ ಬೌದ್ಧವೂ ಸೇರಿದೆ. ಅದೇ ದಶಕಗಳಲ್ಲಿ ಸ್ಪೇನಿನ ತೊಲೆಡೊ ನಗರದಲ್ಲಿ ಕ್ರೆಮೋನದ ಗೆರಾರ್ಡನು ಅನ್ಯಮತೀಯರ ಗ್ರಂಥಗಳನ್ನು ಅರಬ್ಬಿಯಿಂದ ಲ್ಯಾಟಿನ್ನಿಗೆ ತರುತ್ತಿದ್ದನು. 1187ರಲ್ಲಿ ಅವನು ಮರಣಹೊಂದುವ ವೇಳೆಗೆ ಅವುಗಳ ಸಂಖ್ಯೆ 70ನ್ನು ಮೀರಿತ್ತು. ಈ ಎರಡನ್ನೂ ಒಂದೇ ಪಾಠದಲ್ಲಿ ಬೋಧಿಸಲು ಅಡ್ಡಿಯೇನೂ ನಮಗೆ ಕಾಣದು. ಶಾಸನದ ಪಾಠವು ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ 7ನೆಯ ಸಂಪುಟದಲ್ಲಿ 1902ರಲ್ಲಿಯೇ ಅಚ್ಚಾಗಿದೆ.