ಹಳದಿ ಕಲೆಗೂ ಬೆವರು ನಾತಕ್ಕೂ ಒಂದೇ ಮದ್ದಲ್ಲ

ಬಿಳಿ ಅಂಗಿಯ ಕಂಕುಳಲ್ಲಿ ಹಳದಿ ಕಂಡರೆ ನಿಂಬೆಹಣ್ಣು ಹಿಂಡಿ, ಅಡುಗೆ ಸೋಡಾ ಉದುರಿಸಿ, ಬುರುಬುರು ನೊರೆ ಬಂದ ಮೇಲೆ ಬ್ರಷ್ಷಿನಲ್ಲಿ ತಿಕ್ಕಿ ಎನ್ನುವುದು ಈಗ ಮನೆಮನೆಯ ಸಲಹೆ. ನಿಂಬೆಯ ಬದಲು ವಿನೆಗರ್ ಬರಬಹುದು, ಸೋಡಾದ ಬದಲು ಈನೋ ಪುಡಿ ಬರಬಹುದು, ವಿಧಾನ ಮಾತ್ರ ಅದೇ. ಮಾಡಿ ನೋಡಿದವರಲ್ಲಿ ಕೆಲವರು ಕಲೆ ಹೋಯಿತು ಎನ್ನುತ್ತಾರೆ, ಕೆಲವರು ಏನೂ ಆಗಲಿಲ್ಲ ಎನ್ನುತ್ತಾರೆ. ಎರಡೂ ನಿಜವೇ. ನಿಂಬೆಯಲ್ಲಿ ಗುಣವಿದೆ, ಸೋಡಾದಲ್ಲೂ ಇದೆ. ಕೆಟ್ಟಿರುವುದು ಅವೆರಡನ್ನೂ ಕೂಡಿಸುವ ಪದ್ಧತಿ. ಹುಳಿಯೂ ಕ್ಷಾರವೂ ಸೇರಿದ ಕ್ಷಣದಲ್ಲೇ ಒಂದರ ಕಸುವನ್ನು ಇನ್ನೊಂದು ಕಳೆಯುತ್ತದೆ. ನೊರೆಯಾಗಿ ಮೇಲೇಳುವುದು ಇಂಗಾಲದ ಡೈಆಕ್ಸೈಡ್, ಕೆಳಗೆ ಉಳಿಯುವುದು ಒಂದಿಷ್ಟು ಲವಣ ಕರಗಿದ ಸಪ್ಪೆ ನೀರು. ಈನೋದಲ್ಲಿ ಸೋಡಾ ಮತ್ತು ಸಿಟ್ರಿಕ್ ಆಮ್ಲ ಎರಡೂ ಮೊದಲೇ ಕೂಡಿರುವುದರಿಂದ ನೀರು ಬಿದ್ದ ಕೂಡಲೇ ಅದರ ಕಥೆ ಮುಗಿಯುತ್ತದೆ. ಕಲೆ ಹೋಯಿತು ಎನ್ನುವವರ ಮನೆಯಲ್ಲಿ ಕೆಲಸ ಮಾಡಿರುವುದು ಬಹುಮಟ್ಟಿಗೆ ಬ್ರಷ್ಷು, ಇಲ್ಲವೇ ಅಳತೆ ತಪ್ಪಿ ಹೆಚ್ಚು ಬಿದ್ದ ಯಾವುದೋ ಒಂದು ಪದಾರ್ಥ.

ಈ ಪದ್ಧತಿಯ ಮೇಲೆ ನನಗಿರುವ ದೊಡ್ಡ ಆಕ್ಷೇಪ ನೊರೆಯ ಬಗ್ಗೆ ಅಲ್ಲ. ಕಲೆ ಮತ್ತು ವಾಸನೆ ಎರಡು ಬೇರೆ ಬೇರೆ ತೊಂದರೆಗಳು. ಅವುಗಳ ಹುಟ್ಟು ಬೇರೆ, ಅವು ಕೂರುವ ಬಟ್ಟೆ ಬೇರೆ, ತೆಗೆಯುವ ದಾರಿಯೂ ಬೇರೆ. ಎರಡನ್ನೂ ‘ಬೆವರು’ ಎಂದು ಒಂದೇ ಗಂಟು ಕಟ್ಟಿ ಒಂದೇ ಮಿಶ್ರಣ ಸುರಿಯುವುದರಿಂದಲೇ ಒಳ್ಳೊಳ್ಳೆಯ ಬಟ್ಟೆಗಳು ಹಾಳಾಗುತ್ತಿವೆ.

ಹಳದಿಯಾದ ಅಂಗಿಯೊಂದನ್ನು ಒಳಮೈ ಹೊರಗೆ ಮಾಡಿ ಕಂಕುಳಿನ ಹೊಲಿಗೆಯನ್ನು ಬೆರಳಲ್ಲಿ ಮುಟ್ಟಿ ನೋಡಿ. ಉಳಿದ ಕಡೆ ಮೆತ್ತಗಿರುವ ಹತ್ತಿ ಅಲ್ಲಿ ಗಂಜಿ ಹಾಕಿದಂತೆ ಬಿರುಸಾಗಿರುತ್ತದೆ. ನೀರು ಚಿಮುಕಿಸಿದರೆ ತಕ್ಷಣ ಹೀರಿಕೊಳ್ಳುವುದಿಲ್ಲ, ಹನಿ ಸ್ವಲ್ಪ ಹೊತ್ತು ಮೇಲೆಯೇ ನಿಲ್ಲುತ್ತದೆ. ಬೆವರಿನಲ್ಲಿ ನೂರಕ್ಕೆ 99 ಪಾಲು ನೀರೇ, ಅದಕ್ಕೆ ಬಣ್ಣವಿಲ್ಲ. ಬಿರುಸಾಗಿಸುವುದು ಬೆವರನ್ನು ತಡೆಯಲು ಹಚ್ಚುವ ಆ್ಯಂಟಿಪರ್ಸ್ಪಿರೆಂಟ್‌ಗಳಲ್ಲಿರುವ ಅಲ್ಯೂಮಿನಿಯಂ ಲವಣ. ಅದು ಬೆವರಿನ ಪ್ರೋಟೀನು, ಚರ್ಮದ ಜಿಡ್ಡು ಎರಡರ ಜೊತೆಗೂ ಬೆರೆತು ನೂಲಿಗೆ ಅಂಟುತ್ತದೆ. ಜಿಡ್ಡು ಗಾಳಿಗೆ, ಶಾಖಕ್ಕೆ ಸಿಕ್ಕಿ ದಿನ ಕಳೆದಂತೆ ಹಳದಿ ತಿರುಗುತ್ತದೆ. ಒಗೆದಾಗ ಬೆಳ್ಳಗೆ ಕಂಡ ಅಂಗಿ ಇಸ್ತ್ರಿ ಹಾಕಿದ ಮೇಲೆ ಹಳದಿಯಾಗುವುದು ಇದಕ್ಕೇ. ‘ನಾವು ಪಟಿಕ ಹಚ್ಚುತ್ತೇವೆ, ಅದು ನೈಸರ್ಗಿಕ’ ಎಂದು ಸಮಾಧಾನಪಡುವವರೂ ಇದ್ದಾರೆ. ಪಟಿಕವೂ ಅಲ್ಯೂಮಿನಿಯಂ ಲವಣವೇ.

ಈ ಕಲೆಗೆ ನಿಂಬೆ ನಿಜಕ್ಕೂ ಒಳ್ಳೆಯದು. ಸಿಟ್ರಿಕ್ ಆಮ್ಲಕ್ಕೆ ಅಲ್ಯೂಮಿನಿಯಮ್ಮನ್ನು ಹಿಡಿದು ನೀರಿಗೆಳೆಯುವ ಗುಣವಿದೆ. ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಸಿಗುವುದು ಇದೇ ಆಮ್ಲ, ಹಣ್ಣಿಗಿಂತ ಅಗ್ಗ. ಆದರೆ ಮೊದಲು ಜಿಡ್ಡು ಬಿಡಬೇಕು, ಇಲ್ಲದಿದ್ದರೆ ಹುಳಿ ಒಳಗಿಳಿಯುವುದಿಲ್ಲ. ಒಣ ಬಟ್ಟೆಗೇ ಪಾತ್ರೆ ತೊಳೆಯುವ ದ್ರಾವಣ ನಾಲ್ಕು ಹನಿ ಹಾಕಿ, ಬೆರಳಲ್ಲಿ ತೀಡಿ, ಕಾಲು ಗಂಟೆ ಬಿಟ್ಟು ಜಾಲಿಸಿ. ಆಮೇಲೆ ಒಂದು ಲೋಟ ಬಿಸಿನೀರಿಗೆ ಚಮಚ ನಿಂಬೆ ಉಪ್ಪು ಕರಗಿಸಿ ಆ ಜಾಗವನ್ನು ಅರ್ಧ ಗಂಟೆ ಅದ್ದಿಡಿ, ಚೆನ್ನಾಗಿ ಜಾಲಿಸಿ. ಹಳದಿ ಇನ್ನೂ ಉಳಿದಿದ್ದರೆ ಮಾತ್ರ ಸೋಡಿಯಂ ಪರ್‌ಕಾರ್ಬನೇಟ್ ಇರುವ, ಕ್ಲೋರಿನ್ ಇಲ್ಲದ ಬ್ಲೀಚ್ ಪುಡಿಯನ್ನು ಬಿಸಿನೀರಿನಲ್ಲಿ ಕದಡಿ ಒಂದೆರಡು ಗಂಟೆ ನೆನೆಹಾಕಿ. ಇದು ನೀರಿಗೆ ಬಿದ್ದಾಗ ಹೈಡ್ರೋಜನ್ ಪೆರಾಕ್ಸೈಡ್ ಮತ್ತು ವಾಷಿಂಗ್ ಸೋಡಾ ಆಗಿ ಒಡೆಯುತ್ತದೆ. ತಣ್ಣೀರಿನಲ್ಲಿ ಹಾಕಿ ‘ಕೆಲಸ ಮಾಡಲಿಲ್ಲ’ ಎನ್ನುವವರೇ ಹೆಚ್ಚು, ಅದಕ್ಕೆ ಶಾಖ ಬೇಕು. ಔಷಧದಂಗಡಿಯ ಪೆರಾಕ್ಸೈಡ್ ಸಾಮಾನ್ಯವಾಗಿ 6 ಪ್ರತಿಶತದ್ದು, ಅಷ್ಟೇ ನೀರು ಬೆರೆಸಿ ಹಚ್ಚಬಹುದು. ಬಣ್ಣದ ಬಟ್ಟೆಯಾದರೆ ಒಳಹೊಲಿಗೆಯಲ್ಲಿ ಒಂದು ಹನಿ ಹಾಕಿ ಪರೀಕ್ಷಿಸಿಯೇ ಮುಂದುವರಿಯಬೇಕು. ಆಸ್ಪಿರಿನ್ ಮಾತ್ರೆ ಅರೆದು ಹಚ್ಚುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಅದೂ ಒಂದು ಸೌಮ್ಯ ಆಮ್ಲ, ನಿಂಬೆ ಉಪ್ಪಿರುವಾಗ ಮಾತ್ರೆಯನ್ನು ಯಾಕೆ ದಂಡ ಮಾಡಬೇಕು?

ಬಟ್ಟೆಗೆ ಹಾಕುವ ನೀಲಿಯನ್ನೂ ಇಲ್ಲಿ ತೂಗಿ ನೋಡಬೇಕು. ನೀಲಿ ಹಳದಿಯನ್ನು ತೆಗೆಯುವುದಿಲ್ಲ, ಕಣ್ಣಿಗೆ ಮರೆಸುತ್ತದೆ. ತೊಳೆದ ಪಂಚೆಗೆ ಹಾಕಿದರೆ ಅಂದ. ಕಲೆಯಿರುವ ಅಂಗಿಗೆ ವಾರವಾರವೂ ಹಾಕಿದರೆ ಕಂಕುಳಿನ ಜಿಡ್ಡು ಅಲ್ಲೇ ಕೂತಿರುತ್ತದೆ, ಕೊನೆಗೆ ಹಸಿರು ಮಿಶ್ರಿತ ಬೂದು ಬಣ್ಣವೊಂದು ಏಳುತ್ತದೆ.

ಇನ್ನು ವಾಸನೆ. ಹೊಸ ಬೆವರಿಗೆ ನಾತವಿಲ್ಲ. ಕಂಕುಳಿನಲ್ಲಿ ವಾಸಿಸುವ ಬ್ಯಾಕ್ಟೀರಿಯಾಗಳು ಅಲ್ಲಿನ ಗ್ರಂಥಿಗಳ ಸ್ರಾವವನ್ನು ಒಡೆದಾಗ ಹುಟ್ಟುವ ಕೊಬ್ಬಿನಾಮ್ಲಗಳು ಮತ್ತು ಗಂಧಕದ ಸಂಯುಕ್ತಗಳೇ ನಾತ. ಇವು ಎಣ್ಣೆಯ ಜಾತಿಯವು. ಹತ್ತಿ ನೀರನ್ನು ಹೀರುತ್ತದೆ, ಒಗೆದಾಗ ಬಿಡುತ್ತದೆ. ಪಾಲಿಯೆಸ್ಟರ್ ನೀರನ್ನು ಹತ್ತಿರ ಸೇರಿಸುವುದಿಲ್ಲ, ಎಣ್ಣೆಯನ್ನು ಮಾತ್ರ ಬಿಗಿಹಿಡಿಯುತ್ತದೆ. ಬೆಲ್ಜಿಯಮ್ಮಿನ ಗೆಂಟ್ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 26 ಜನ ವ್ಯಾಯಾಮದ ಸೈಕಲ್ ತುಳಿದ ಮೇಲೆ ಅವರ ಅಂಗಿಗಳನ್ನು ಮೂಸಿ ಪರೀಕ್ಷಿಸಲಾಯಿತು. ಹತ್ತಿಗಿಂತ ಪಾಲಿಯೆಸ್ಟರ್ ಹೆಚ್ಚು ನಾರಿತು, ಮೈಕ್ರೋಕಾಕಸ್ ಎಂಬ ಬ್ಯಾಕ್ಟೀರಿಯಾ ಅದರ ಮೇಲೆ ಚೆನ್ನಾಗಿ ಬೆಳೆದಿತ್ತು. ಜಿಮ್ ಟೀಶರ್ಟು, ಶಾಲೆಯ ಆಟದ ಸಮವಸ್ತ್ರ, ಸಂಸ್ಥೆಗಳು ಕೆಲಸಗಾರರಿಗೆ ಹಂಚುವ ಅಂಗಿ ಬಹುಪಾಲು ಇದೇ ಬಟ್ಟೆಯವು. ಬಿಸಿಲಲ್ಲಿ ದುಡಿಯುವವರ ಮೈಗೆ ಬೆವರು ಹೀರದ ಬಟ್ಟೆ ತೊಡಿಸಿ, ಆಮೇಲೆ ನಾತಕ್ಕೆ ಅವರನ್ನೇ ದೂರುವುದು ಅನ್ಯಾಯ.

ಈ ನಾತಕ್ಕೆ ನಮ್ಮ ಮನೆಗಳಲ್ಲಿ ಮಾಡುವ ಮೊದಲ ಉಪಾಯವೆಂದರೆ ಪರಿಮಳದ ಕಂಡೀಷನರ್. ನನ್ನ ಪ್ರಕಾರ ಅದೇ ಅತ್ಯಂತ ಕೆಟ್ಟ ಉಪಾಯ. ಬಟ್ಟೆ ಮೆತ್ತಗಾಗಲೆಂದು ಅದು ನೂಲಿನ ಮೇಲೆ ಜಿಡ್ಡಿನ ತೆಳುಪದರವೊಂದನ್ನು ಬಿಡುತ್ತದೆ. ಒಳಗಿನ ಹಳೆಯ ಎಣ್ಣೆ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಮೈ ಬಿಸಿಯಾದ ಕೂಡಲೇ ಹೂವಿನ ಪರಿಮಳದ ಜೊತೆ ಹಳೆಯ ಕಮಟೂ ಏಳುತ್ತದೆ. ಕಂಡೀಷನರ್ ನಿಲ್ಲಿಸಿ, ಪ್ರೋಟೀನು ಮತ್ತು ಕೊಬ್ಬನ್ನು ಒಡೆಯುವ ಕಿಣ್ವವಿರುವ ಡಿಟರ್ಜೆಂಟನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕದಡಿ ಒಂದು ಗಂಟೆ ನೆನೆಹಾಕಿದರೆ ಫಲ ಸಿಗುತ್ತದೆ. ಕುದಿಯುವ ನೀರು ಹಾಕಿದರೆ ಕಿಣ್ವ ಸಾಯುತ್ತದೆ. ರೇಷ್ಮೆ, ಉಣ್ಣೆಗೆ ಈ ಪುಡಿ ಬೇಡ, ಅವೂ ಪ್ರೋಟೀನುಗಳೇ. ರೇಷ್ಮೆ ಸೀರೆಯ ರವಿಕೆಗೆ ಅಜ್ಜಿಯರ ಅಂಟುವಾಳವೇ ಲೇಸು, ಅದರ ನೊರೆ ಕ್ಷಾರವಲ್ಲ.

ಮಳೆಗಾಲದ ಮುಗ್ಗಲು ವಾಸನೆ ಇನ್ನೊಂದು ಬಗೆ. ಒಗೆದ ಬಟ್ಟೆ ಗಂಟೆಗಟ್ಟಲೆ ಒದ್ದೆಯಾಗೇ ಉಳಿದರೆ ಮೊರಾಕ್ಸೆಲ್ಲಾ ಆಸ್ಲೋಯೆನ್ಸಿಸ್ ಎಂಬ ಬ್ಯಾಕ್ಟೀರಿಯಾ ಅಲ್ಲಿ ಬೆಳೆಯುತ್ತದೆ ಎಂದು ಜಪಾನಿನ ಸಂಶೋಧಕರು 2012ರಲ್ಲಿ ತೋರಿಸಿದರು. ಮಲೆನಾಡಿನವರು ಬಚ್ಚಲ ಒಲೆಯ ಮೇಲಿನ ಗಳಕ್ಕೆ ಬಟ್ಟೆ ಹರವುತ್ತಿದ್ದುದರ ಹಿಂದಿನ ವಿವೇಕ ಇದೇ. ಹೊಗೆಯ ವಾಸನೆ ಬಂದರೂ ಮುಗ್ಗಲು ಹಿಡಿಯುತ್ತಿರಲಿಲ್ಲ. ಫ್ಲ್ಯಾಟಿನಲ್ಲಿರುವವರು ಫ್ಯಾನಿನ ಕೆಳಗೆ ಬಟ್ಟೆಗಳ ನಡುವೆ ಗೇಣು ಜಾಗ ಬಿಟ್ಟು ಹರವಲಿ, ಒಗೆದದ್ದನ್ನು ಮಷಿನ್ನಿನೊಳಗೇ ರಾತ್ರಿಯಿಡೀ ಬಿಡುವುದನ್ನು ನಿಲ್ಲಿಸಲಿ.

ಹಳೆಯ ಪದ್ಧತಿಗಳಲ್ಲಿ ನಾನು ತಲೆಬಾಗುವುದು ಮಡಿವಾಳರ ಉಬ್ಬೆಗೆ. ಚೌಳುಮಣ್ಣು ಕದಡಿದ ನೀರಿನಲ್ಲಿ ಬಟ್ಟೆ ಅದ್ದಿ, ದೊಡ್ಡ ಹಂಡೆಯ ಮೇಲೆ ಪೇರಿಸಿ, ಕೆಳಗೆ ಬೆಂಕಿ ಮಾಡಿ ಹಬೆಯಲ್ಲಿ ಬೇಯಿಸುತ್ತಿದ್ದರು. ಚೌಳಿನಲ್ಲಿರುವುದು ವಾಷಿಂಗ್ ಸೋಡಾದ ಕ್ಷಾರವೇ. ಅದು ಜಿಡ್ಡನ್ನು ಸಾಬೂನಾಗಿಸುತ್ತದೆ, ಹಬೆ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ಆಮೇಲೆ ಹರಿವ ನೀರು, ಕೊನೆಗೆ ಸುಡುಬಿಸಿಲು. ಇದರಲ್ಲಿ ಒಂದು ಹಂತವೂ ವ್ಯರ್ಥವಲ್ಲ, ಒಂದು ಇನ್ನೊಂದನ್ನು ಕೆಡಿಸುವುದೂ ಇಲ್ಲ. ಮಡಿವಾಳ ಮಾಚಿದೇವರನ್ನು ಶರಣರೆಂದು ಪೂಜಿಸುವ ನಾಡು ಆ ಕಸುಬಿನ ಅರಿವನ್ನು ಬರೆದಿಡುವ ಗೋಜಿಗೆ ಅಷ್ಟಾಗಿ ಹೋಗಿಲ್ಲ. ಬಿಳಿ ಹತ್ತಿಯ ಬನಿಯನ್ನು, ಟವೆಲ್ಲು, ಪಂಚೆಗಳನ್ನು ಇಂದಿಗೂ ವಾಷಿಂಗ್ ಸೋಡಾ ಹಾಕಿದ ಕುದಿನೀರಿನಲ್ಲಿ ಬೇಯಿಸಿ ನೋಡಬಹುದು. ಈಗಿನ ಬಣ್ಣದ, ಎಲಾಸ್ಟಿಕ್ ಬೆರೆತ ಬಟ್ಟೆಗಳು ಅದನ್ನು ತಾಳಲಾರವು.

ಬಯಲುಸೀಮೆಯ ಬಹಳ ಕಡೆ ಬೋರ್‌ವೆಲ್ ನೀರು ಗಡಸು. ಅಲ್ಲಿ ಬಾರ್ ಸೋಪು ಎಷ್ಟು ಉಜ್ಜಿದರೂ ಕ್ಯಾಲ್ಸಿಯಂ ಜೊತೆ ಸೇರಿ ಬಿಳಿ ಗಸಿಯಾಗಿ ನೂಲಿನಲ್ಲೇ ಉಳಿಯುತ್ತದೆ. ಅಂಥ ಕಡೆ ಸೋಪಿಗಿಂತ ಡಿಟರ್ಜೆಂಟ್ ವಾಸಿ, ಬಕೆಟ್ಟಿಗೊಂದು ಚಮಚ ವಾಷಿಂಗ್ ಸೋಡಾ ಹಾಕಿದರೆ ಇನ್ನೂ ವಾಸಿ.

ಕೊನೆಯದಾಗಿ ಕ್ಲೋರಿನ್ ಬ್ಲೀಚು. ಬಿಳಿ ಬಟ್ಟೆಗೆ ಅದೇ ಸರಿ ಎಂದು ನಂಬಿರುವವರು ಬಹಳ ಮಂದಿ, ಆದರೆ ಬೆವರಿನ ಕಲೆಗೆ ಅದು ಸಲ್ಲದು. ಪ್ರೋಟೀನಿನ ಜೊತೆ ಸೇರಿ ಹಳದಿಯನ್ನು ಇನ್ನಷ್ಟು ಗಾಢವಾಗಿಸುತ್ತದೆ, ನೂಲನ್ನೂ ಬಡವಾಗಿಸುತ್ತದೆ. ಬಟ್ಟೆ ಹೋದರೆ ಇನ್ನೊಂದು ತಂದೇವು. ಆದರೆ ನಿಂಬೆ, ವಿನೆಗರ್ ಅಥವಾ ಟಾಯ್ಲೆಟ್ ತೊಳೆಯುವ ಆ್ಯಸಿಡ್ ಈ ಬ್ಲೀಚಿನ ಜೊತೆ ಬೆರೆತರೆ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿ ಮುಚ್ಚಿದ ಪುಟ್ಟ ಬಚ್ಚಲಿನಲ್ಲಿ ಬಕೆಟ್ಟಿನ ಮೇಲೆ ಬಗ್ಗಿ ಒಗೆಯುವವರ ಉಸಿರಿಗೆ ಅದು ನೇರ ಹೋಗುತ್ತದೆ. ಮನೆಯಲ್ಲಿ ಬಟ್ಟೆ ಒಗೆಯುವವರು ಯಾರೇ ಇರಲಿ, ಕೆಲಸಕ್ಕೆ ಬರುವವರನ್ನೂ ಸೇರಿಸಿ, ಈ ಒಂದು ಮಾತನ್ನು ಇವತ್ತೇ ತಿಳಿಸಿ: ಬ್ಲೀಚ್ ಬಿದ್ದ ಬಕೆಟ್ಟಿಗೆ ಹುಳಿಯಾಗಲಿ ಆ್ಯಸಿಡ್ಡಾಗಲಿ ಹಾಕಬೇಡಿ.