ಹೊಂಬಾಳೆಯ ಕಳ್ಳು

ಫೋರ್ಟ್ ಕೊಚ್ಚಿಗೆ ಬಂದವರೆಲ್ಲ ಚೀನೀ ಬಲೆ ನೋಡುತ್ತಾರೆ. ನನ್ನ ಕಣ್ಣು ಹೋಗುವುದು ತೆಂಗಿನ ನೆತ್ತಿಗೆ. 15ನೇ ಶತಮಾನದಲ್ಲಿ ಚೀನೀ ನೌಕಾಧಿಪತಿ ಝೆಂಗ್ ಹೆಯ ಹಡಗುಗಳಲ್ಲಿ ಮಲಬಾರಿಗೆ ಬಂದ ಮಾ ಹುವಾನ್, ತೆಂಗಿನ ಸಿಹಿರಸ ಮದ್ಯವಾಗುವುದನ್ನು ಬರೆದಿಟ್ಟಿದ್ದಾನೆ. ಅವನ ನಾಡಿನಲ್ಲಿ ಧಾನ್ಯ ಬೇಯಿಸಿ, ಬೂಷ್ಟು ಹಿಡಿಸಿದ ‘ಚೂ’ ಎಂಬ ಹೆಪ್ಪು ಬೆರೆಸಿದರೇ ಮದ್ಯ. ಇಲ್ಲಿ ಅದೇನೂ ಬೇಡ, ಗಾಳಿಯ ಯೀಸ್ಟೇ ಸಾಕು.

ಆದರೆ ರಸ ಇಳಿಸಲು ಕೈಚಳಕ ಬೇಕು. ನಮ್ಮ ಕರಾವಳಿಯಲ್ಲಿ ಮೂರ್ತೆದಾರರು ಮಾಡುವ ಕೆಲಸವೇ ಇದು. ಅರಳದ ಹೊಂಬಾಳೆಯನ್ನು ಬಿಗಿದು ಕಟ್ಟಿ, ದಿನಗಟ್ಟಲೆ ಹದವಾಗಿ ತಟ್ಟಬೇಕು. ಜೋರಾದರೆ ಒಳಗಿನ ಹೂ ನಜ್ಜಾಗುತ್ತದೆ, ಮೆತ್ತಗಾದರೆ ರಸ ಇಳಿಯದು. ಆಮೇಲೆ ಹರಿತವಾದ ಕತ್ತಿಯಿಂದ ತುದಿಯನ್ನು ಎಲೆಯಷ್ಟು ತೆಳ್ಳಗೆ ಕೊಯ್ಯುತ್ತಾರೆ. ಗಾಯ ಒಣಗದಂತೆ ದಿನವೂ ಮರ ಹತ್ತಿ ಕೊಯ್ಯಲೇಬೇಕು, ಮಳೆಯಿರಲಿ ಬಿಸಿಲಿರಲಿ. ಈ ತಾಳ್ಮೆಗೆ ನಾನು ತಲೆಬಾಗುತ್ತೇನೆ.

ಬೆಳಗಿನ ಕಳ್ಳು ಹಾಲುಬಣ್ಣದ್ದು, ಸಿಹಿ, ನಾಲಗೆಗೆ ಸಣ್ಣ ಚುರುಕು. ಸಂಜೆಗೆ ಹುಳಿ ಏರುತ್ತದೆ, ಕೆಲವು ದಿನ ಬಿಟ್ಟರೆ ವಿನೆಗರ್. ಅಪ್ಪಂ ಹಿಟ್ಟಿಗೆ ಒಂದಿಷ್ಟು ಕಳ್ಳು ಸುರಿದರೆ ರಾತ್ರಿಯೊಳಗೆ ಉಬ್ಬಿಬರುತ್ತದೆ. ಬೆಳಿಗ್ಗೆ ಕಾವಲಿಯಿಂದೆದ್ದ ಅಪ್ಪಂನ ಜಾಲರಿಯಂಚು ಮುರಿದರೆ, ಆ ನಸುಹುಳಿ ವಾಸನೆ ಮೊದಲು ಮೂಗಿಗೆ ಬರುತ್ತದೆ.