ಒಂದು ಸ್ಟ್ರಾ, ಎರಡು ಸುದ್ದಿ

ಠಾಣೆಯ ಹಳೆಯ ಕೋಟೆಯೊಳಗೆ ಸೆಂಟ್ರಲ್ ಜೈಲು, ಕಲ್ಯಾಣದಲ್ಲಿ ಆಧಾರವಾಡಿ, ನವಿ ಮುಂಬಯಿಯಲ್ಲಿ ತಲೋಜಾ. ನಾವು ದಿನಾ ಲೋಕಲ್ ಹಿಡಿದು ಓಡಾಡುವ ಪಟ್ಟಿಯಲ್ಲೇ ಈ ಮೂರು ಜೈಲುಗಳಿವೆ. ಡೊಂಬಿವಲಿಯಲ್ಲಿ ಮನೆ ಮಾಡಿಕೊಂಡಿರುವ ನನಗೆ ಅವುಗಳ ಒಳಗಿನ ಸಂಗತಿ ತಿಳಿಯುವುದು, ನಿಮ್ಮ ಹಾಗೆಯೇ, ಪತ್ರಿಕೆಯಿಂದ. ವರದಿಗಾರನೂ ಗೋಡೆಯಾಚೆಗೆ ಸುಲಭವಾಗಿ ಹೋಗಲಾರ. ಅವನಿಗೆ ಸಿಗುವುದು ವಕೀಲರ ಮಾತು, ಅಧಿಕಾರಿಯ ಮಾತು, ಕೋರ್ಟಿನ ಕಾಗದ. ಈ ಮೂರನ್ನು ಅವನು ಹೇಗೆ ತೂಗುತ್ತಾನೆ ಎಂಬುದರ ಮೇಲೆ ಕೈದಿಯ ಸುದ್ದಿಯ ನ್ಯಾಯ ನಿಂತಿದೆ.

ಫಾದರ್ ಸ್ಟ್ಯಾನ್ ಸ್ವಾಮಿಯವರ ಸ್ಟ್ರಾದ ಸುದ್ದಿಯನ್ನೇ ನೋಡೋಣ. 1975ರಿಂದ 1986ರವರೆಗೆ ಬೆಂಗಳೂರಿನ ಇಂಡಿಯನ್ ಸೋಶಿಯಲ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದ ಈ ಪಾದ್ರಿ, ಆಮೇಲೆ ಜಾರ್ಖಂಡಿನ ಆದಿವಾಸಿಗಳ ನಡುವೆ ಕೆಲಸ ಮಾಡಿದವರು. ಭೀಮಾ ಕೋರೆಗಾಂವ್ ಪ್ರಕರಣದಲ್ಲಿ ಎನ್‌ಐಎ 2020ರ ಅಕ್ಟೋಬರ್ 8ರಂದು ರಾಂಚಿಯಲ್ಲಿ ಅವರನ್ನು ಯುಎಪಿಎ ಅಡಿ ಬಂಧಿಸಿತು. ತಲೋಜಾಕ್ಕೆ ಬಂದಾಗ ವಯಸ್ಸು 83. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗಿ ಲೋಟ ಹಿಡಿಯಲಾಗುತ್ತಿರಲಿಲ್ಲ. ನವೆಂಬರ್ 6ರಂದು ಸ್ಟ್ರಾ ಮತ್ತು ಸಿಪ್ಪರ್‌ಗಾಗಿ ವಿಶೇಷ ನ್ಯಾಯಾಲಯಕ್ಕೆ ಅರ್ಜಿ ಹೋಯಿತು. ವಿಚಾರಣೆ 26ಕ್ಕೆ ಮುಂದೆ ಹೋಯಿತು.

ಅಲ್ಲಿಂದ ಸುದ್ದಿ ಎರಡಾಯಿತು. ಎನ್‌ಐಎ ಅವರ ಸ್ಟ್ರಾ ಕಿತ್ತುಕೊಂಡಿತು, ಉತ್ತರಿಸಲು 20 ದಿನ ಕೇಳಿತು ಎಂದು ಒಂದು. ತಾನು ಸ್ಟ್ರಾ ವಶಪಡಿಸಿಕೊಂಡಿಲ್ಲ, 20 ದಿನವನ್ನೂ ಕೇಳಿಲ್ಲ, ಅದು ಕೈದಿಗೂ ಜೈಲಿಗೂ ಸೇರಿದ ವಿಷಯ ಎಂಬ ಎನ್‌ಐಎ ಹೇಳಿಕೆ ಇನ್ನೊಂದು. ಸಿಪ್ಪರ್ ಕೊಟ್ಟಿದ್ದೇವೆ ಎಂದಿತು ಜೈಲು. ಓದುಗರೂ ಹಾಗೆಯೇ ಹಂಚಿಹೋದರು: ಕೆಲವರಿಗೆ ಇದು ಕ್ರೌರ್ಯ, ಕೆಲವರಿಗೆ ಕಟ್ಟುಕತೆ.

ನನ್ನ ಮನಸ್ಸು ಸ್ವಾಮಿಯವರ ಕಡೆಗೇ ವಾಲುತ್ತದೆ, ಮುಚ್ಚಿಡುವುದಿಲ್ಲ. ಆದರೂ ‘ಕಿತ್ತುಕೊಂಡರು’ ಎಂಬುದು ಅರ್ಜಿದಾರರ ಆರೋಪ. ಅದನ್ನು ನಡೆದ ಸಂಗತಿಯಂತೆ ಬರೆದದ್ದರಿಂದ ಎನ್‌ಐಎಗೆ ಒಂದು ನಿರಾಕರಣೆಯಿಂದಲೇ ಇಡೀ ವಿಷಯವನ್ನು ತಳ್ಳಿಹಾಕಲು ಅನುಕೂಲವಾಯಿತು. ಇತ್ತ ಬರೀ ನಿರಾಕರಣೆಯನ್ನು ಅಚ್ಚು ಮಾಡಿದವರು ಇನ್ನೂ ದೊಡ್ಡದನ್ನು ಬಿಟ್ಟರು. ಸಮಯ ಯಾರು ಕೇಳಿದರು ಎಂಬುದು ವಿವಾದ. ನೀರು ಕುಡಿಯುವ ಕೊಳವೆಯ ಅರ್ಜಿ 20 ದಿನ ಕಾದದ್ದು ವಿವಾದವಲ್ಲ. ಎರಡೂ ಕಡೆಯವರ ಮಾತನ್ನು ಪಕ್ಕಪಕ್ಕದಲ್ಲಿಟ್ಟು ಕೈತೊಳೆದುಕೊಂಡರೆ ನಿಷ್ಪಕ್ಷಪಾತ ಆಗುವುದಿಲ್ಲ. ಯಾವುದು ಆರೋಪ, ಯಾವುದು ನಿರಾಕರಣೆ, ಯಾವುದರ ಬಗ್ಗೆ ತಕರಾರೇ ಇಲ್ಲ ಎಂದು ಬಿಡಿಸಿ ಹೇಳಬೇಕು.

ಸುದ್ದಿಯನ್ನು ಕೊನೆಯತನಕ ಹಿಂಬಾಲಿಸಲೂ ಬೇಕು. 2021ರ ಮೇ 21ರಂದು ಸ್ವಾಮಿ ವಿಡಿಯೋ ಮೂಲಕ ಬಾಂಬೆ ಹೈಕೋರ್ಟಿಗೆ, ತಲೋಜಾಕ್ಕೆ ಬಂದಾಗ ತಾನೇ ನಡೆದು, ತಾನೇ ಉಣ್ಣುತ್ತಿದ್ದೆ, ಈಗ ಆಗುತ್ತಿಲ್ಲ ಎಂದರು. ಮೇ 28ರ ಆದೇಶದಂತೆ ಅವರನ್ನು ಬಾಂದ್ರಾದ ಹೋಲಿ ಫ್ಯಾಮಿಲಿ ಆಸ್ಪತ್ರೆಗೆ ಸೇರಿಸಿದರು. ಜಾಮೀನು ಅರ್ಜಿ ಹೈಕೋರ್ಟಿನಲ್ಲಿರುವಾಗಲೇ, ಜುಲೈ 5ರಂದು ತೀರಿಕೊಂಡರು. ‘ಜೈಲಿನಲ್ಲಿ ಸತ್ತರು’ ಎನ್ನುವುದು ತಪ್ಪು, ‘ಆಸ್ಪತ್ರೆಯಲ್ಲಿ ಸತ್ತರು’ ಎಂದಷ್ಟೇ ಹೇಳುವುದು ಅರ್ಧಸತ್ಯ. ಅವರು ಬಂಧನದಲ್ಲಿದ್ದರು, ಅವರ ಮೇಲಿನ ಮೊಕದ್ದಮೆಯ ವಿಚಾರಣೆ ಶುರುವಾಗಿರಲೇ ಇಲ್ಲ.

ಕನ್ನಡದ ‘ಕೈದಿ’ ಎಂಬ ಪದವೇ ಇಂಥ ವ್ಯತ್ಯಾಸಗಳನ್ನು ನುಂಗಿಬಿಡುತ್ತದೆ. ಶಿಕ್ಷೆಯಾದವನೂ ಕೈದಿ, ವಿಚಾರಣೆಗೆ ಕಾಯುತ್ತಿರುವವನೂ ಕೈದಿ. ಪ್ಯಾಲೆಸ್ಟೀನಿನ ಸುದ್ದಿ ಓದುವಾಗ ಇದು ಇನ್ನಷ್ಟು ತೊಡಕು. 2023ರ ನವೆಂಬರಿನ ವಿನಿಮಯದಲ್ಲಿ ಹಮಾಸ್ ಬಿಟ್ಟವರು ‘ಒತ್ತೆಯಾಳು’ಗಳು, ಇಸ್ರೇಲ್ ಬಿಟ್ಟವರು ‘ಕೈದಿ’ಗಳು. ಮೊದಲ ಪದ ಸರಿಯೇ. ಅಪಹರಣಕ್ಕೊಳಗಾದವರಿಗೆ ಬೇರೆ ಹೆಸರಿಲ್ಲ. ಎರಡನೆಯದರಲ್ಲಿ ಶಿಕ್ಷೆಗೊಳಗಾದವರ ಜೊತೆಗೆ ದೋಷಾರೋಪವೇ ಇಲ್ಲದೆ ‘ಆಡಳಿತಾತ್ಮಕ ಬಂಧನ’ದಲ್ಲಿದ್ದವರೂ ಸೇರಿದ್ದರು. ಆ ಯುದ್ಧದಲ್ಲಿ ರೆಡ್ ಕ್ರಾಸ್‌ಗೆ ಒತ್ತೆಯಾಳುಗಳನ್ನು ನೋಡಲು ಹಮಾಸ್ ಬಿಡಲಿಲ್ಲ, ಪ್ಯಾಲೆಸ್ಟೀನಿ ಬಂದಿಗಳನ್ನು ನೋಡಲು ಇಸ್ರೇಲ್ ಬಿಡಲಿಲ್ಲ. ಹೊರಗಿನ ಕಣ್ಣು ತಲುಪದ ಕಡೆಯಿಂದ ಬರುವ ಸುದ್ದಿಯಲ್ಲಿ ‘ಯಾರು ಹೇಳಿದ್ದು’ ಎಂಬ ಒಂದು ಮಾತು ಬಿಟ್ಟುಹೋದರೂ ನಷ್ಟ ದೊಡ್ಡದು.

ಮೊಬೈಲಿನಲ್ಲಿ ಶೀರ್ಷಿಕೆ ಓದಿ ಮುಂದಕ್ಕೆ ಕಳಿಸುವ ನಮಗೂ ಇದರಲ್ಲಿ ಪಾಲಿದೆ. ಒಳಗಿರುವವನು ಎದ್ದು ನಿಂತು ‘ಹಾಗಲ್ಲ, ಹೀಗೆ’ ಎಂದು ತಿದ್ದಲಾರ. ಆದ್ದರಿಂದಲೇ ಅವನ ಬಗ್ಗೆ ಬರೆಯುವ ವಾಕ್ಯ ಅಳತೆ ತಪ್ಪಬಾರದು, ಅವನ ಪರವಾಗಿ ಬರೆಯುವಾಗಲೂ.